ಕುದುರೆಮುಖದ ಚಾರಣ: ಜನ ನುಗ್ಗುವ ಶಿಖರ, ಜನ ಬಿಟ್ಟುಹೋದ ಊರು

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆ ಚಾರಣಕ್ಕೆ ತೆರೆದಿಟ್ಟಿರುವ ದಾರಿಗಳ ಪೈಕಿ ಎರಡನ್ನು ನಾನು ನಡೆದು ನೋಡಿದ್ದೇನೆ. ಸಂಸೆಯ ಬದಿಯ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗುವ ಹೆಸರುವಾಸಿ ದಾರಿ ಒಂದು. ಹಳೆಯ ಗಣಿಯೂರಿಗೆ ಹತ್ತಿರದ ಭಗವತಿ ಪ್ರಕೃತಿ ಶಿಬಿರದ ಬದಿಯಿಂದ ಕುರಿಂಜಾಲ್ ಗುಡ್ಡಕ್ಕೆ ಏರುವ, ಅಷ್ಟಾಗಿ ಸದ್ದು ಮಾಡದ ದಾರಿ ಇನ್ನೊಂದು. ಹಣ, ಸಮಯ, ಮೊಣಕಾಲು ಮೂರನ್ನೂ ಲೆಕ್ಕಕ್ಕೆ ಹಿಡಿದು ಹೇಳುವುದಾದರೆ ನನ್ನ ಮತ ಎರಡನೆಯದಕ್ಕೆ.

ಮೊದಲು ಕಾಯ್ದಿರಿಸುವ ವಿಚಾರ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ, ಆನ್‌ಲೈನ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತ್ತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಈ ಮಿತಿ ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಶನಿವಾರ, ಭಾನುವಾರದ ಟಿಕೆಟ್ಟುಗಳು ಬೇಗ ಮುಗಿದುಹೋಗುವುದರಿಂದ ಮಧ್ಯವರ್ತಿಗಳ ಕೈ ಹಿಡಿಯುವ ಆಸೆ ಹುಟ್ಟುತ್ತದೆ. ನಾನೂ ಮೊದಲ ಸಲ ಹಾಗೆಯೇ ಮಾಡಿ ಪೆಟ್ಟು ತಿಂದೆ. ಟಿಕೆಟ್, ಜೀಪು, ಊಟ ಎಲ್ಲವೂ ತಮ್ಮದೇ ಹೊಣೆ ಎಂದು ಹೇಳಿ ಮುಂಗಡ ಪಡೆದಿದ್ದ ಚಾರಣ ಆಯೋಜಕರು ನಮ್ಮ ಆರು ಜನರ ಪೈಕಿ ಇಬ್ಬರ ಹೆಸರನ್ನು ನೋಂದಾಯಿಸಿಯೇ ಇರಲಿಲ್ಲ. ಬೆಳಗಿನ ತಂಪಿನಲ್ಲಿ ನಡೆಯಬೇಕಾಗಿದ್ದ ಒಂದೂವರೆ ಗಂಟೆಯನ್ನು ಗೇಟಿನ ಎದುರು ಫೋನಿಗೆ ಸಿಗ್ನಲ್ ಹುಡುಕುತ್ತ ಕಳೆದೆವು. ಆದ್ದರಿಂದ ಟಿಕೆಟ್ಟನ್ನು ನಿಮ್ಮ ಕೈಯಾರೆ, ನಿಮ್ಮದೇ ಗುರುತಿನ ಚೀಟಿಯ ಮೇಲೆ ಪಡೆದುಕೊಳ್ಳಿ, ಸಾಧ್ಯವಾದರೆ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ.

ಶಿಖರದ ದಾರಿಯ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. 1,894 ಮೀಟರ್ ಎತ್ತರದ ಈ ಬೆಟ್ಟಕ್ಕೆ ಸಂಸೆಯ ಕಡೆಯಿಂದ ಏರುತ್ತಿದ್ದುದರಿಂದ ಹಿಂದೆ ಸಂಸೆಪರ್ವತವೆಂಬ ಹೆಸರೂ ಇತ್ತು. ಮುಳ್ಳೋಡಿಗೆ ಜೀಪಿನಲ್ಲಿ ಕುಲುಕಿಸಿಕೊಂಡು ಹೋಗಿ ಇಳಿದರೆ, ಹೋಗಿ ಬರುವುದಕ್ಕೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ನಡಿಗೆ. ಹಳ್ಳಗಳನ್ನು ದಾಟಿ, ಒಂಟಿಮರದ ಬಳಿ ಉಸಿರು ತೆಗೆದುಕೊಂಡು, ಮುಂದೆ ಹುಲ್ಲುಗಾವಲಿನ ಏಣುಗಳ ಮೇಲೆ ನಡೆಯುತ್ತಿರುವಾಗ ಎರಡೂ ಬದಿಯ ಮಡಿಲುಗಳಲ್ಲಿ ಶೋಲಾ ಕಾಡು ಹಸಿರು ಕಂಬಳಿಯಂತೆ ಮುದುಡಿಕೊಂಡಿರುವುದು ಕಾಣುತ್ತದೆ. ನೋಟ ದೊಡ್ಡದು, ನಿಜ. ಆದರೆ ಮುಂದಿನವರ ಬೆನ್ನುಚೀಲವನ್ನು ನೋಡುತ್ತ, ಹಿಂದಿನವರ ಸ್ಪೀಕರಿನ ಹಾಡನ್ನು ಕೇಳುತ್ತ ಇಷ್ಟು ದೂರ ನಡೆಯುವುದಕ್ಕೆ ಬಹಳ ತಾಳ್ಮೆ ಬೇಕು. ಮಳೆಗಾಲ ಮುಗಿದ ಕೂಡಲೇ ಹೋದರೆ ಸವೆದ ಜಾಡು ಎಷ್ಟೋ ಕಡೆ ಕೆಸರಿನ ಜಾರುಬಂಡೆಯಾಗಿರುತ್ತದೆ.

ಕುರಿಂಜಾಲಿನ ದಾರಿಯ ಗುಣವೇ ಬೇರೆ. ಬಹುಪಾಲು ಹಳೆಯ ಜೀಪು ರಸ್ತೆಯ ಮೇಲೆಯೇ ನಡಿಗೆ ಸಾಗುವುದರಿಂದ ಏರು ಹದವಾಗಿದೆ, ದೂರವೂ ಶಿಖರದ ದಾರಿಗಿಂತ ಎಷ್ಟೋ ಕಡಿಮೆ. ಮೊದಲ ಭಾಗ ದಟ್ಟ ಕಾಡು. ಅಲ್ಲಿ ನಮ್ಮ ಗೈಡ್ ನಿಂತು ಬೆರಳು ತೋರಿಸಿದ ಕಡೆ ಕೊಂಬೆಯೊಂದು ತೂಗುತ್ತಿತ್ತು. ಎಲೆಗಳ ಸಂದಿನಿಂದ ಬೂದು ಕೇಸರದ ಕಪ್ಪು ಮುಖವೊಂದು ಎರಡು ಕ್ಷಣ ನಮ್ಮನ್ನು ನೋಡಿ ಒಳಸರಿಯಿತು. ಸಿಂಗಳೀಕ. ಈ ಉದ್ಯಾನ ಹುಟ್ಟಿದ್ದೇ ಒಂದರ್ಥದಲ್ಲಿ ಆ ಪ್ರಾಣಿಯಿಂದ: ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆಯೇ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಲು ಆಧಾರವಾಯಿತು.

ಕಾಡು ಮುಗಿದು ಹುಲ್ಲು ತೆರೆದುಕೊಂಡ ಮೇಲೆ, ತುದಿಯ ಹತ್ತಿರದ ಹಾಳುಬಿದ್ದ ಕಟ್ಟಡದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಮಂಜು ಸರಿದಾಗ ಕೆಳಗೆ ಕಣಿವೆಯಲ್ಲಿ ಗಣಿಯೂರಿನ ಛಾವಣಿಗಳು ಸಾಲುಸಾಲಾಗಿ ಕಂಡವು, ಮತ್ತೆ ಮುಚ್ಚಿಕೊಂಡವು. ಶಿಖರದ ದಾರಿಯಲ್ಲಿ ಸಿಗದ್ದು ಇದೇ. ಕುದುರೆಮುಖವೆಂದರೆ ಕಾಡು, ಹುಲ್ಲು, ಮಂಜು ಇಷ್ಟೇ ಎಂದುಕೊಂಡು ಮನೆಗೆ ಮರಳುವವರು ಅರ್ಧ ಕುದುರೆಮುಖವನ್ನಷ್ಟೇ ನೋಡಿರುತ್ತಾರೆ.

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಇಲ್ಲಿನ ಕಡಿಮೆ ದರ್ಜೆಯ ಮ್ಯಾಗ್ನಟೈಟ್ ಅದಿರನ್ನು ಪುಡಿ ಮಾಡಿ, ಕಬ್ಬಿಣದ ಅಂಶವನ್ನು ಹೆಚ್ಚಿಸಿ, ನೀರಿನೊಂದಿಗೆ ರಾಡಿಯಾಗಿ ಕಲಸಿ, ಘಟ್ಟ ಇಳಿದು ಸುಮಾರು 67 ಕಿಲೋಮೀಟರ್ ದೂರದ ಮಂಗಳೂರಿಗೆ ಕೊಳವೆಯಲ್ಲಿ ಹರಿಸಲಾಗುತ್ತಿತ್ತು. ಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡು ಹಣ ಕೊಡಲು ಮುಂದೆ ಬಂದದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಆಳ್ವಿಕೆ ಕೊನೆಗೊಂಡಾಗ, ಮಲೆನಾಡಿನ ಮೂಲೆಯ ಈ ಗುಡ್ಡಕ್ಕೂ ಅದರ ಬಿಸಿ ತಟ್ಟಿತು. ಅದಿರು ತೆಗೆದ ಮೇಲೆ ಉಳಿದ ಹುಡಿಯನ್ನು ಹಿಡಿದಿಡಲು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟನ್ನು ಕಟ್ಟಿದರು. ಭದ್ರೆಯ ಉಗಮಕ್ಕೆ ಇಷ್ಟು ಹತ್ತಿರದಲ್ಲಿ, ಇಷ್ಟೊಂದು ಮಳೆ ಸುರಿಯುವ ಇಳಿಜಾರಿನಲ್ಲಿ ಗುಡ್ಡ ಅಗೆದರೆ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ದಾಖಲಾಗಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಗಣಿ ಮುಚ್ಚಬೇಕೆಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು.

ಗಣಿ ನಿಂತ ಮೇಲೆ ಊರೂ ನಿಂತಿತು. ರಸ್ತೆಯಿಂದಲೇ ಕಾಣುವ ಕ್ವಾರ್ಟರ್ಸುಗಳ ಕಿಟಕಿಗಳಿಗೆ ಬಳ್ಳಿ ಹಬ್ಬಿದೆ, ಗೋಡೆಗಳಿಗೆ ಪಾಚಿ ಬಣ್ಣ ಬಳಿದಿದೆ. ಒಂದು ಮನೆಯ ಮುಂದೆ ಯಾರೋ ಅಂದು ನೆಟ್ಟ ದಾಸವಾಳ ಮಾತ್ರ ಆರೈಕೆಯಿಲ್ಲದೆಯೂ ಕೆಂಪಗೆ ಅರಳಿ ನಿಂತಿತ್ತು. ಮನೆಗಳ ಒಳಗೆ, ಗಣಿಯ ಪ್ರದೇಶಕ್ಕೆ ಚಾರಣಿಗರಿಗೆ ಪ್ರವೇಶವಿಲ್ಲ. ಅದು ಸರಿಯೇ, ಹಾಳುಮನೆಗೆ ನುಗ್ಗಿ ವಿಡಿಯೋ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಈ ಎರಡೂ ದಾರಿಗಳಲ್ಲಿ ನಾನು ಕಂಡ ಫಲಕಗಳೆಲ್ಲವೂ ಏನು ಮಾಡಬಾರದು ಎಂಬುದನ್ನು ಹೇಳುವಂಥವು: ಪ್ಲಾಸ್ಟಿಕ್ ಬೇಡ, ಮದ್ಯ ಬೇಡ, ಬೆಂಕಿ ಬೇಡ. ಎಲ್ಲವೂ ಸರಿಯಾದ ಮಾತೇ, ಆದರೆ ಇಲ್ಲಿ ಏನಾಯಿತು ಎಂದು ಹೇಳುವ ಒಂದೇ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಸರ್ಕಾರವೇ ತೆರೆದ ಗಣಿಯನ್ನು ನ್ಯಾಯಾಲಯ ಮುಚ್ಚಿಸಿದ ಕಾಡಿನಲ್ಲಿ ನಡೆಯುತ್ತಿದ್ದೇವೆ ಎಂಬುದು ನಮ್ಮ ಜೊತೆಗಿದ್ದ ಕಾಲೇಜು ಹುಡುಗರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಕೆಳಗಿನ ಮನೆಗಳನ್ನು ಅವರು ರೆಸಾರ್ಟ್ ಎಂದುಕೊಂಡಿದ್ದರು. ಗೈಡ್‌ಗಳಿಗೆ ಕಡ್ಡಾಯ ಶುಲ್ಕ ತೆಗೆದುಕೊಳ್ಳುವಾಗ, ಅವರಿಗೆ ಈ ಕಥೆಯನ್ನು ಹೇಳುವ ತರಬೇತಿಯನ್ನೂ ಕೊಡುವುದು ಕಷ್ಟದ ಕೆಲಸವಲ್ಲ.

ಉಳಿದಂತೆ ಸೇವೆಗೆ ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಗೇಟಿನ ಸಿಬ್ಬಂದಿ ನಮ್ಮ ಚೀಲಗಳನ್ನು ತೆರೆಸಿ ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ ಎಲ್ಲವನ್ನೂ ಎಣಿಸಿ ಬರೆದುಕೊಂಡರು, ಮರಳುವಾಗ ಮತ್ತೆ ಎಣಿಸಿದರು. ಒಂದು ಚಾಕೊಲೇಟ್ ಕವರ್ ಲೆಕ್ಕಕ್ಕೆ ಸಿಗದೆ ನಾನು ಜೇಬುಗಳನ್ನೆಲ್ಲ ತಡಕಾಡಿದ್ದನ್ನು ನೋಡಿಯೂ ನಗದೆ ಕಾದರು. ದಾರಿಯಲ್ಲಿ ಕಸ ಕಾಣದಿರಲು ಕಾರಣ ಇದೇ. ಶೌಚಾಲಯದ ವ್ಯವಸ್ಥೆ ಮಾತ್ರ ಹೆಂಗಸರಿಗೆ ಯಾವ ರೀತಿಯಿಂದಲೂ ಸಾಲದು. ಆರಂಭದ ಸ್ಥಳ ಬಿಟ್ಟರೆ ದಾರಿಯುದ್ದಕ್ಕೂ ಏನೂ ಇಲ್ಲ.

ಮಳೆಗಾಲದ ಆಚೀಚೆ ಹೋಗುವವರಿಗೆ ಉಂಬಳದ (ರಕ್ತ ಹೀರುವ ಜಿಗಣೆ) ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಪೇಟೆಯಿಂದ ತಂದ ದುಬಾರಿ ಸ್ಪ್ರೇ ಎರಡು ಹಳ್ಳ ದಾಟುವಷ್ಟರಲ್ಲಿ ತೊಳೆದುಹೋಯಿತು. ನಮ್ಮ ಗೈಡ್ ಹೊಗೆಸೊಪ್ಪಿನ ಪುಡಿ ಮತ್ತು ಸುಣ್ಣವನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡಿದ್ದರು. ಉಂಬಳ ಹತ್ತಿದಲ್ಲಿ ಅದನ್ನು ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಉದುರುತ್ತಿತ್ತು. ಬೇಸಿಗೆಯಲ್ಲಿ ಈ ಕಾಟವಿಲ್ಲ, ಆದರೆ ಕಾಳ್ಗಿಚ್ಚಿನ ಭಯಕ್ಕೆ ಆಗ ದಾರಿಗಳನ್ನೇ ಮುಚ್ಚುವುದುಂಟು. ಹೊರಡುವ ಮುನ್ನ ಅದನ್ನು ವಿಚಾರಿಸಿಕೊಳ್ಳಿ. ಕಾರ್ಕಳದ ಕಡೆಯಿಂದ ಬರುವವರು ಚೆಕ್‌ಪೋಸ್ಟಿನಲ್ಲಿ ಕೊಡುವ ಸಮಯದ ಚೀಟಿಯನ್ನು ಜೋಪಾನ ಮಾಡಿಟ್ಟುಕೊಳ್ಳಿ, ನಡುವೆ ಕಾರು ನಿಲ್ಲಿಸಿಕೊಂಡು ಸೆಲ್ಫಿಗೆ ಇಳಿದರೆ ಮುಂದಿನ ಗೇಟಿನಲ್ಲಿ ದಂಡ ಕಟ್ಟಬೇಕಾದೀತು.