ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ ಎಂದವರಿಗೆ ದುಡ್ಡು ಕೊಡುವ ಮುನ್ನ ಇದನ್ನು ಓದಿ

2024ರ ಮೇ ತಿಂಗಳ ಒಂದು ಶನಿವಾರ. ಬೆಂಗಳೂರಿನಿಂದ ಒಂದು ಕುಟುಂಬ ಸಕಲೇಶಪುರದ ನಮ್ಮ ಹೋಮ್‌ಸ್ಟೇಗೆ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕಾರಿನಿಂದ ಇಳಿಯುತ್ತಲೇ ಚಿಕ್ಕವಳು ಕೇಳಿದಳು, "ಆಂಟಿ, ಸ್ವಿಮ್ಮಿಂಗ್ ಪೂಲ್ ಎಲ್ಲಿ?" ಕೈಯಲ್ಲಿ ಗಾಳಿ ತುಂಬಿದ ಟ್ಯೂಬ್ ಬೇರೆ ಇತ್ತು.

ನಮ್ಮಲ್ಲಿ ಈಜುಕೊಳ ಇಲ್ಲ. ಯಾವತ್ತೂ ಇರಲಿಲ್ಲ. ಆರು ಎಕರೆ ಕಾಫಿ ತೋಟ, ನಾಲ್ಕು ಕೋಣೆ, ಹಿಂದೆ ಒಂದು ಹಳ್ಳ. ಅಷ್ಟೇ. ಮೇ ತಿಂಗಳಲ್ಲಿ ಆ ಹಳ್ಳದಲ್ಲೂ ಪಾದ ಮುಳುಗುವಷ್ಟು ನೀರಿರುವುದಿಲ್ಲ. ಅದನ್ನೇ ಹೇಳಿದೆ. ಆಗ ಮಕ್ಕಳ ಅಪ್ಪ ಫೋನ್ ತೆಗೆದು ತೋರಿಸಿದರು. ಗೂಗಲ್‌ನಲ್ಲಿ ನಮ್ಮ ಹೋಮ್‌ಸ್ಟೇ ಹೆಸರಿನ ಕೆಳಗೆ ಐದು ಸ್ಟಾರ್ ಕೊಟ್ಟ ಒಂದು ರಿವ್ಯೂ. "ಪೂಲ್ ಸೂಪರ್, ಮಕ್ಕಳು ಎರಡು ದಿನ ನೀರಿನಿಂದ ಆಚೆ ಬರಲೇ ಇಲ್ಲ" ಎಂದು ಯಾರೋ ಬರೆದಿದ್ದರು. ಆ ಹೆಸರಿನವರು ನಮ್ಮ ರಿಜಿಸ್ಟರ್‌ನಲ್ಲಿ ಎಲ್ಲೂ ಇರಲಿಲ್ಲ.

ಅವರು ಒಂದೇ ರಾತ್ರಿ ಉಳಿದು ಹೊರಟರು. ಅರ್ಧ ಹಣ ವಾಪಸ್ ಕೊಟ್ಟೆ. ಜಗಳ ಮಾಡಲಿಲ್ಲ, ಪಾಪ ಒಳ್ಳೆಯವರು. ಆದರೆ ಆ ಹುಡುಗಿ ಬೆಳಿಗ್ಗೆ ಟ್ಯೂಬಿನ ಗಾಳಿ ಬಿಡುತ್ತಾ ಮೆಟ್ಟಿಲ ಮೇಲೆ ಕೂತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನಮ್ಮ ಹೆಸರಿನಲ್ಲಿ ಯಾರೋ ಸುಳ್ಳು ಹೇಳಿದ್ದರು. ಆ ಸುಳ್ಳಿಗೆ ದುಡ್ಡು ಕೊಟ್ಟಿದ್ದು ನಾನೇ ಎಂದು ಗೊತ್ತಾಗಲು ಇನ್ನೂ ಎರಡು ವಾರ ಬೇಕಾಯಿತು.

ಮೊದಲಿಂದ ಹೇಳುತ್ತೇನೆ. ಬುಕಿಂಗ್ ಆ್ಯಪ್‌ಗಳಿಗೆ ಕೊಡುವ ಕಮಿಷನ್ ಉಳಿಸೋಣ, ಜನ ನೇರವಾಗಿ ನಮ್ಮ ವೆಬ್‌ಸೈಟಿಗೇ ಬರಲಿ ಎಂಬ ಆಸೆಯಿಂದ 2022ರಲ್ಲಿ ಒಬ್ಬ ಫ್ರೀಲ್ಯಾನ್ಸರ್ ಹುಡುಗನನ್ನು ಹಿಡಿದೆವು. ಪರಿಚಯದವರ ಕಡೆಯವನು. ತಿಂಗಳಿಗೆ 6,000 ರೂಪಾಯಿ. ಸೈಟ್ ಅವನೇ ಮಾಡಿದ, ಡೊಮೇನ್, ಅಂದರೆ ಸೈಟಿನ ವಿಳಾಸ, ಅವನೇ ಕೊಂಡ, ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಎಸ್‌ಇಒ ಕೆಲಸವನ್ನೂ ಅವನೇ ನೋಡಿಕೊಂಡ. ಕೆಲಸ ಚೆನ್ನಾಗಿಯೇ ಇತ್ತು. ನಮ್ಮಿಂದ ಮಂಜರಾಬಾದ್ ಕೋಟೆಗೆ ಎಷ್ಟು ದೂರ, ಬಿಸಿಲೆ ಘಾಟ್‌ಗೆ ಯಾವಾಗ ಹೋದರೆ ಚೆಂದ, ಮಳೆಗಾಲದಲ್ಲಿ ಯಾವ ದಾರಿ ಹಿಡಿಯಬೇಕು ಎಂದೆಲ್ಲ ನನ್ನ ಹತ್ತಿರವೇ ಕೇಳಿ ಬರೆದ. ಅದನ್ನು ಓದಿ ಫೋನ್ ಮಾಡಿದವರೂ ಇದ್ದರು. ಹತ್ತು ತಿಂಗಳಾದ ಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. "ಅಕ್ಕ, ಶನಿವಾರ ಭಾನುವಾರ ನೋಡ್ಕೋತೀನಿ" ಅಂದ. ಆಮೇಲೆ ಮೆಸೇಜಿಗೆ ಉತ್ತರ ಬರುವುದು ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

ಆಗ ಶುರುವಾಯಿತು ಚರ್ಚೆ. ಇನ್ನೊಬ್ಬ ಫ್ರೀಲ್ಯಾನ್ಸರೋ, ಏಜೆನ್ಸಿಯೋ? ನಮ್ಮೆಜಮಾನರು, "ಒಬ್ಬನನ್ನೇ ನಂಬಿದರೆ ಹಿಂಗೇ ಆಗೋದು. ಕಂಪನಿ ಅಂದ್ರೆ ನಾಲ್ಕು ಜನ ಇರ್ತಾರೆ, ಒಬ್ಬ ಹೋದ್ರೆ ಇನ್ನೊಬ್ಬ ಮಾಡ್ತಾನೆ" ಅಂದರು. ನನಗೂ ಸರಿ ಅನ್ನಿಸಿತು. ಅದೇ ವಾರ ಒಂದು ಇಮೇಲ್ ಬಂತು. "ನಿಮ್ಮ ವೆಬ್‌ಸೈಟ್ ನೋಡಿದೆವು, 47 ದೋಷಗಳಿವೆ, 90 ದಿನದಲ್ಲಿ ಮೊದಲ ಪುಟದ ಗ್ಯಾರಂಟಿ." ದೇವರೇ ಕಳಿಸಿದ ಹಾಗೆ ಅನ್ನಿಸಿತು.

ಹೀಗೆ ಕರೆಯದೆ ಬರುವ ಇಮೇಲ್‌ಗಳ ಬಗ್ಗೆ ಹುಷಾರಾಗಿರಿ ಎಂದು ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. "ನಿಮ್ಮ ಸೈಟ್ ಸರ್ಚ್ ಎಂಜಿನ್‌ಗಳಲ್ಲಿ ಸಿಗುತ್ತಿಲ್ಲ" ಎಂದು ಸ್ವತಃ ಗೂಗಲ್‌ಗೇ ಇಂಥವರು ಇಮೇಲ್ ಹಾಕುತ್ತಾರಂತೆ. ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದೂ ಅಲ್ಲೇ ಇದೆ. ಎಸ್‌ಇಒ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂದೂ ಗೂಗಲ್‌ನವರು ಹಿಂದೆಯೇ ಹೇಳಿದ್ದಾರೆ. ಇವನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

2023ರ ಆಗಸ್ಟ್‌ನಲ್ಲಿ ಸಹಿ ಹಾಕಿದೆವು. ತಿಂಗಳಿಗೆ 25,000, ಮೇಲೆ ಜಿಎಸ್‌ಟಿ ಶೇ. 18ರಷ್ಟು. ಅಂದರೆ 29,500. ಹನ್ನೆರಡು ತಿಂಗಳ ಕರಾರು. ವೀಡಿಯೊ ಕಾಲ್‌ನಲ್ಲಿ ಮಾತಾಡಿದವರು ಬಹಳ ತಿಳಿದವರಂತೆ ಇದ್ದರು. ನಮ್ಮ ಊರು, ತೋಟ, ಅಡುಗೆ ಎಲ್ಲ ಕೇಳಿದರು. ಸಹಿ ಆದ ಮೇಲೆ ಅವರ ಮುಖ ಮತ್ತೆ ನೋಡಲಿಲ್ಲ. ಪ್ರತಿ ತಿಂಗಳೂ ಹೊಸ ದನಿ. ಪ್ರತಿ ಸಲವೂ ಮೊದಲ ಪ್ರಶ್ನೆ ಒಂದೇ: "ಮೇಡಂ, ನಿಮ್ಮ ಬಿಸಿನೆಸ್ ಏನು?" ಒಬ್ಬ ಹೋದರೆ ಇನ್ನೊಬ್ಬ ಇರುತ್ತಾನೆ ಎಂದು ನಂಬಿದ್ದೆವಲ್ಲ, ಅದು ನಿಜವಾಯಿತು. ಆದರೆ ಹೊಸಬನಿಗೆ ಹಳಬನ ಕೆಲಸ ಗೊತ್ತಿರುತ್ತಿರಲಿಲ್ಲ.

ತಿಂಗಳ ಕೊನೆಗೆ 20 ಪುಟಕ್ಕಿಂತ ಜಾಸ್ತಿ ಇರುವ ರಿಪೋರ್ಟ್ ಬರುತ್ತಿತ್ತು. ತುಂಬಾ ಹಸಿರು ಬಾಣ. ಡೊಮೇನ್ ಅಥಾರಿಟಿ 4ರಿಂದ 19ಕ್ಕೆ ಏರಿದೆ ಎಂದು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಆ ಅಂಕ ಗೂಗಲ್‌ನದೇ ಅಲ್ಲ. ಸೈಟ್ ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದು ಎಂದು ಮಾಜ್ ಎಂಬ ಖಾಸಗಿ ಕಂಪನಿ ತನ್ನ ಲೆಕ್ಕಕ್ಕೆ ಮಾಡಿಕೊಂಡ ಅಂದಾಜು, ಗೂಗಲ್ ಅದನ್ನು ಬಳಸುವುದಿಲ್ಲ. 32 ಕೀವರ್ಡ್‌ಗಳಲ್ಲಿ ನಂಬರ್ ಒನ್ ಎಂದೂ ಇರುತ್ತಿತ್ತು. ಹೌದು, ಇದ್ದೆವು. ಆದರೆ ಎಂಥ ಕೀವರ್ಡ್? "ಸಕಲೇಶಪುರ ಶಾಂತ ಕಾಫಿ ತೋಟ ನಾಲ್ಕು ಕೋಣೆ ಕುಟುಂಬ ಹೋಮ್‌ಸ್ಟೇ" ಎಂದು ಯಾರಾದರೂ ಹುಡುಕುತ್ತಾರಾ? ಆಮೇಲೆ ನೋಡಿದರೆ ಮೂರು ತಿಂಗಳಲ್ಲಿ ಆ ಸಾಲು ಹುಡುಕಾಟದಲ್ಲಿ ಕಾಣಿಸಿಕೊಂಡದ್ದು 11 ಸಲ. ಅದರಲ್ಲಿ ಎಷ್ಟು ಸಲ ನಾನೇ ಹುಡುಕಿದ್ದೆನೋ.

ಇನ್ನೊಂದು ಮೋಸ ನನ್ನ ಕಣ್ಣಿನದೇ. ನನ್ನ ಫೋನಿನಲ್ಲಿ "ಸಕಲೇಶಪುರ ಹೋಮ್‌ಸ್ಟೇ" ಎಂದು ಹುಡುಕಿದರೆ ನಾವು ಮೇಲೇ ಬರುತ್ತಿದ್ದೆವು. ನಾನು ಕೂತಿರುವುದು ನಮ್ಮ ಹೋಮ್‌ಸ್ಟೇಯಲ್ಲೇ ಅಲ್ವಾ? ಹುಡುಕುವವರು ಎಲ್ಲಿದ್ದಾರೆ ಎಂಬುದನ್ನು ನೋಡಿಯೇ ಗೂಗಲ್ ಹತ್ತಿರದ ಜಾಗಗಳನ್ನು ತೋರಿಸುತ್ತದೆ. ಬೆಂಗಳೂರಿನಲ್ಲಿ ಕೂತು ಹುಡುಕುವವರಿಗೆ ಏನು ಕಾಣುತ್ತಿದೆ ಎಂದು ಒಮ್ಮೆಯೂ ಯಾರನ್ನೂ ಕೇಳಲಿಲ್ಲ.

ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಬೆಳಿಗ್ಗೆ ಆಳುಗಳ ಲೆಕ್ಕ, ಮಧ್ಯಾಹ್ನ ಕಣ, ಸಂಜೆ ಅತಿಥಿಗಳು. ರಿಪೋರ್ಟ್ ತೆರೆಯಲು ಪುರುಸೊತ್ತೇ ಇರಲಿಲ್ಲ. ಸ್ಟಾರ್ 4.3ರಿಂದ 4.8ಕ್ಕೆ ಹೋಯಿತು ಎಂದು ಖುಷಿಪಟ್ಟು ಸುಮ್ನೆ ಇದ್ದೆ. "ಹಳೇ ಗೆಸ್ಟ್‌ಗಳಿಗೆ ಲಿಂಕ್ ಕಳಿಸ್ತಿದೀವಿ ಮೇಡಂ" ಅಂದಿದ್ದರು. ಹಳೇ ಗೆಸ್ಟ್‌ಗಳ ನಂಬರ್ ನಾನು ಅವರಿಗೆ ಕೊಟ್ಟೇ ಇರಲಿಲ್ಲ. ಅದು ಆಗ ಹೊಳೆಯಲಿಲ್ಲ.

ಫೆಬ್ರವರಿ ಕೊನೆಗೆ ವೆಬ್‌ಸೈಟ್ ಮೂಲಕ ಬರುವ ಫೋನ್ ನಿಂತೇ ಹೋಯಿತು. ಕಡಿಮೆ ಆಗಲಿಲ್ಲ, ನಿಂತಿತು. ಏಜೆನ್ಸಿಯವರು "ಗೂಗಲ್ ಅಪ್‌ಡೇಟ್ ನಡೀತಿದೆ, ಎಲ್ಲರಿಗೂ ಹೀಗೇ ಆಗಿದೆ" ಅಂದರು. ಆ ತಿಂಗಳ ಬಿಲ್ ಕಟ್ಟಿ, ಇನ್ನು ಸಾಕು ಎಂದೆ. ಕರಾರು ತೋರಿಸಿ ಇನ್ನೂ ಐದು ತಿಂಗಳ ಹಣ ಕೇಳಿದರು. ಕೊಡಲಿಲ್ಲ. ಅಷ್ಟರಲ್ಲಿ ಏಳು ತಿಂಗಳಿಗೆ 2,06,500 ರೂಪಾಯಿ ಹೋಗಿತ್ತು.

ಈಜುಕೊಳದ ಆ ಘಟನೆ ಆದ ಮೇಲೆ, ಹಿಂದೊಮ್ಮೆ ನಮ್ಮಲ್ಲಿ ಉಳಿದುಹೋಗಿದ್ದ, ಇದೇ ಎಸ್‌ಇಒ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಫೋನ್ ಮಾಡಿದೆ. ಅವಳ ಮೊದಲ ಮಾತು, "ಸರ್ಚ್ ಕನ್ಸೋಲ್ ತೆಗೀರಿ ಆಂಟಿ, ನೋಡೋಣ." ಅದೇನು ಎಂದು ಕೇಳಿದೆ. ನಿಮ್ಮ ಸೈಟ್ ಬಗ್ಗೆ ಗೂಗಲ್ ನಿಮಗೇ ನೇರವಾಗಿ ಲೆಕ್ಕ ಕೊಡುವ ಜಾಗ, ಪುಕ್ಕಟೆ. ಯಾವ ಪದ ಹುಡುಕಿದಾಗ ನೀವು ಕಂಡಿರಿ, ಎಷ್ಟು ಜನ ಒತ್ತಿದರು, ಏನಾದರೂ ತಪ್ಪಾಗಿದೆಯಾ, ಎಲ್ಲ ಅಲ್ಲೇ ಇರುತ್ತದೆ. ಎರಡು ವರ್ಷ ಎಸ್‌ಇಒಗೆ ದುಡ್ಡು ಸುರಿದಿದ್ದೆ, ಆ ಬಾಗಿಲು ಇದೆ ಎಂದೇ ನನಗೆ ಯಾರೂ ಹೇಳಿರಲಿಲ್ಲ.

ಏಜೆನ್ಸಿಯನ್ನು ಕೇಳಿದರೆ, "ಅದು ಟೆಕ್ನಿಕಲ್ ಟೀಮ್ ಹತ್ರ ಇರುತ್ತೆ ಮೇಡಂ." ಕೊಡಲಿಲ್ಲ. ನಾವೇ ಮಾಲೀಕರು ಎಂದು ಗೂಗಲ್‌ಗೆ ತೋರಿಸಲು ಡೊಮೇನ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಬೇಕಿತ್ತು. ಡೊಮೇನ್ ಇದ್ದದ್ದು ಆ ಹಳೇ ಹುಡುಗನ ಖಾತೆಯಲ್ಲಿ, ಅವನ ಹೆಸರಿನಲ್ಲಿ, ಅವನ ಇಮೇಲ್‌ಗೆ. ನವೀಕರಣಕ್ಕೆ 40 ದಿನ ಬಾಕಿ ಇತ್ತು. ಅವನ ನಂಬರ್ ಬದಲಾಗಿತ್ತು. ಅವರ ಊರಿಗೆ, ಅವನ ಅಮ್ಮನ ಹತ್ತಿರ ಹೋಗಿ ನಂಬರ್ ತಂದೆವು. ಅವನು ಮೋಸಗಾರನಲ್ಲ. "ಅಕ್ಕ, ಮರ್ತೇ ಹೋಗಿತ್ತು" ಎಂದು ನಾಚಿಕೊಂಡು ಅವತ್ತೇ ನಮ್ಮ ಖಾತೆಗೆ ವರ್ಗಾಯಿಸಿದ. ಆದರೆ ಅವನು ಸಿಗದೇ ಹೋಗಿದ್ದರೆ? ಹೋಮ್‌ಸ್ಟೇ ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಬರೆಸಿದ ವಿಳಾಸ ಯಾರದೋ ಪಾಲಾಗುತ್ತಿತ್ತು.

ಸರ್ಚ್ ಕನ್ಸೋಲ್ ತೆರೆಯಿತು. 'ಮ್ಯಾನ್ಯುಯಲ್ ಆ್ಯಕ್ಷನ್' ಎಂಬಲ್ಲಿ ಒಂದು ಕೆಂಪು ಸಾಲು. ನಿಮ್ಮ ಸೈಟಿಗೆ ಅಸಹಜವಾದ ಲಿಂಕ್‌ಗಳು ಬರುತ್ತಿವೆ ಎಂದು. ಬೇರೆ ಸೈಟುಗಳು ನಮ್ಮ ಸೈಟಿಗೆ ಕೊಡುವ ಲಿಂಕ್‌ಗಳನ್ನೂ ಗೂಗಲ್ ಲೆಕ್ಕಕ್ಕೆ ಹಿಡಿಯುತ್ತದೆ, ಅದಕ್ಕೇ ಕೆಲವರು ಮೇಲೇರಲು ಲಿಂಕ್ ಕೊಳ್ಳುತ್ತಾರೆ. ಅಂದರೆ ಗೂಗಲ್‌ನವರು ಕೈಯಾರೆ ನೋಡಿ ಹಾಕಿದ ಶಿಕ್ಷೆ. ಸಂದೇಶ ಬಂದದ್ದು ಫೆಬ್ರವರಿ ಎರಡನೇ ವಾರ, ಏಜೆನ್ಸಿಯ ಇಮೇಲ್‌ಗೆ. ಆ ತಿಂಗಳ ಬಿಲ್ ಅವರು ಕಳಿಸಿದ್ದು ಅದರ ನಂತರ. ನನಗೆ ತಲೆ ಧಿಮ್ಮೆಂದಿತು. ಸೈಟ್ ಬಿದ್ದದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಲ್ ಕಳಿಸಿದರು.

ಲಿಂಕ್‌ಗಳ ಪಟ್ಟಿ ನೋಡಿದರೆ ಜೂಜಿನ ಸೈಟು, ಸಾಲದ ಆ್ಯಪ್, ಯಾವ ಭಾಷೆ ಎಂದೇ ತಿಳಿಯದ ಪುಟಗಳು, 1,400ರ ಹತ್ತಿರ. ಸೈಟಿನ ಒಳಗೆ ನಾವು ಕಂಡೇ ಇರದ 86 ಪುಟ. "ಮೈಸೂರಿನಿಂದ ಹೋಮ್‌ಸ್ಟೇ", "ತುಮಕೂರಿನಿಂದ ಹೋಮ್‌ಸ್ಟೇ", "ದಾವಣಗೆರೆಯಿಂದ ಹೋಮ್‌ಸ್ಟೇ", ಊರಿನ ಹೆಸರೊಂದು ಬಿಟ್ಟರೆ ಒಂದಕ್ಷರವೂ ಬೇರೆ ಇಲ್ಲ. ಇಂಥವಕ್ಕೆ ಡೋರ್‌ವೇ ಪುಟ ಎನ್ನುತ್ತಾರಂತೆ, ಇವೂ ಗೂಗಲ್ ನಿಯಮಕ್ಕೆ ವಿರುದ್ಧ. 2024ರ ಮಾರ್ಚ್‌ನಲ್ಲಿ ರಾಶಿಗಟ್ಟಲೆ ಪುಟ ಹೆರುವವರ ಮೇಲೆ ನಿಯಮ ಇನ್ನೂ ಬಿಗಿಯಾಯಿತು. ಲಿಂಕ್ ಕೊಂಡು ಮೇಲೇರುವ ಆಟವಂತೂ ಹಳೆಯದು. 2012ರಲ್ಲೇ ಪೆಂಗ್ವಿನ್ ಎಂಬ ಅಪ್‌ಡೇಟ್ ತಂದು ಗೂಗಲ್ ಅದಕ್ಕೆ ಕಡಿವಾಣ ಹಾಕಿತ್ತು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಜೆಸಿ ಪೆನ್ನಿ ಎಂಬ ದೊಡ್ಡ ಅಂಗಡಿ ಕಂಪನಿ ಇದೇ ಲಿಂಕ್‌ಗಳ ದೆಸೆಯಿಂದ ಶಿಕ್ಷೆ ಉಂಡಿತ್ತು. ಆ ಲಿಂಕ್‌ಗಳ ವಿಷಯ ನಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿ ತನ್ನ ಎಸ್‌ಇಒ ಕಂಪನಿಯನ್ನು ಬಿಡಿಸಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಾಲ್ಕು ಕೋಣೆಯ ನಮ್ಮ ಗತಿ ಏನು?

ಸರಿಮಾಡಲು ಇಡೀ ಮಳೆಗಾಲ ಹೋಯಿತು. 86 ಪುಟ ಅಳಿಸಿದೆವು. ಕೆಟ್ಟ ಲಿಂಕ್‌ಗಳನ್ನು ತೆಗೆಯಿರಿ ಎಂದು ಸಿಕ್ಕ ಸೈಟಿಗೆಲ್ಲ ಬರೆದೆವು. ಉಳಿದವನ್ನು ಪಟ್ಟಿ ಮಾಡಿ ಗೂಗಲ್‌ನ ಡಿಸವೊ ಎಂಬ ಜಾಗದಲ್ಲಿ ಹಾಕಿ, ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳಿದೆವು. ಮೊದಲ ಮರುಪರಿಶೀಲನೆ ಅರ್ಜಿ ತಿರಸ್ಕಾರವಾಯಿತು, ಎರಡನೆಯದು ಒಪ್ಪಿಗೆಯಾಯಿತು. ಶಿಕ್ಷೆ ತೆಗೆದ ಮೇಲೂ ಹಳೇ ಜಾಗ ತಕ್ಷಣ ಸಿಗಲಿಲ್ಲ. ಈಗಲೂ ಪೂರ್ತಿ ಸಿಕ್ಕಿಲ್ಲ.

ಈಗ ನನ್ನನ್ನು ಕೇಳುವವರಿದ್ದಾರೆ, ಫ್ರೀಲ್ಯಾನ್ಸರ್ ಒಳ್ಳೆಯದಾ, ಏಜೆನ್ಸಿ ಒಳ್ಳೆಯದಾ ಎಂದು. ನಮ್ಮಂಥ ಸಣ್ಣ ಹೋಮ್‌ಸ್ಟೇಗೆ, ಅಂಗಡಿಗೆ, ಕ್ಲಿನಿಕ್‌ಗೆ ನಿಮ್ಮ ಕೆಲಸ ಅರಿತ ಒಬ್ಬ ಮನುಷ್ಯ ಸಾಕು ಎಂದೇ ನನ್ನ ಅಭಿಪ್ರಾಯ. ಸಾವಿರಾರು ಪದಾರ್ಥ ಆನ್‌ಲೈನ್‌ನಲ್ಲಿ ಮಾರುವವರಿಗೆ ಪ್ರೋಗ್ರಾಮ್ ಬರೆಯುವವರು, ಲೇಖನ ಬರೆಯುವವರು ಎಲ್ಲ ಬೇಕು, ಅಲ್ಲಿ ಒಳ್ಳೆಯ ಏಜೆನ್ಸಿಯೇ ಸರಿ. ಆದರೆ ನಾವು ಅದೊಂದನ್ನೇ ಮೂರು ವಾರ ಚರ್ಚೆ ಮಾಡಿ, ಕೇಳಬೇಕಾದ್ದನ್ನು ಕೇಳಲಿಲ್ಲ. ದಯವಿಟ್ಟು ನೀವು ಕೇಳಿ. ಡೊಮೇನ್ ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ಇರುತ್ತದೆ? ಸರ್ಚ್ ಕನ್ಸೋಲ್‌ನಲ್ಲಿ, ಗೂಗಲ್‌ನಲ್ಲಿ ನಿಮ್ಮ ಹೆಸರು, ರಿವ್ಯೂ ಕಾಣಿಸುವ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮಾಲೀಕರು ನೀವೇ ಇರಬೇಕು. ಕೆಲಸ ಮಾಡುವವರಿಗೆ ಬೇಕಾದಷ್ಟು ಪ್ರವೇಶ ನೀವು ಕೊಡಿ. ಅವರು ಮಾಲೀಕರಾಗಿ ನಿಮಗೆ ಪ್ರವೇಶ ಕೊಡುವ ಹಾಗೆ ಆಗಬಾರದು. ನನ್ನ ಸೈಟನ್ನು ಕೈಯಿಂದ ಮುಟ್ಟುವವರು ಯಾರು, ಅವರ ಜೊತೆ ಹತ್ತು ನಿಮಿಷ ಮಾತಾಡಿಸಿ ಎನ್ನಿ. ಲಿಂಕ್ ತರುತ್ತೇವೆ ಎಂದರೆ ಎಲ್ಲಿಂದ ಎಂದು ಕೇಳಿ. ವರ್ಷದ ಕರಾರಿಗೆ ಸಹಿ ಹಾಕಬೇಡಿ, ತಿಂಗಳು ತಿಂಗಳಿಗೆ ಇರಲಿ. ರಿವ್ಯೂ ನಾವು ಹಾಕಿಸುತ್ತೇವೆ ಎಂದವರನ್ನಂತೂ ಅಲ್ಲೇ ಬಿಡಿ. ಸ್ಟಾರ್ ನೋಡಿ ಬರುವವರು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ, ಉತ್ತರ ಹೇಳಬೇಕಾದವರು ನೀವು.

ಈಗ ನಮ್ಮ ಸೈಟ್ ನೋಡಿಕೊಳ್ಳುವುದು ಆ ಹೆಣ್ಣುಮಗಳೇ. ತಿಂಗಳ ಸಂಬಳ ಇಲ್ಲ, ಮಾಡಿದ ಕೆಲಸಕ್ಕೆ ದುಡ್ಡು. ಸರ್ಚ್ ಕನ್ಸೋಲ್ ಪ್ರತಿ ಸೋಮವಾರ ನಾನೇ ತೆರೆಯುತ್ತೇನೆ. ಸುಳ್ಳು ರಿವ್ಯೂಗಳನ್ನು ಗೂಗಲ್‌ಗೆ ದೂರು ಕೊಟ್ಟು ತೆಗೆಸಿದೆವು. ಸ್ಟಾರ್ ಮತ್ತೆ 4.3ಕ್ಕೆ ಬಂತು. ಈಜುಕೊಳದ ಆ ರಿವ್ಯೂ ಮಾತ್ರ ಮೂರು ಸಲ ದೂರು ಕೊಟ್ಟರೂ ಹೋಗಿಲ್ಲ. ಅದರ ಕೆಳಗೆ "ನಮ್ಮಲ್ಲಿ ಈಜುಕೊಳ ಇಲ್ಲ" ಎಂದು ಬರೆದಿದ್ದೇನೆ. ಮಕ್ಕಳನ್ನು ಕರೆದುಕೊಂಡು ಬರುತ್ತೇವೆ ಎಂದು ಫೋನ್ ಮಾಡಿದವರಿಗೆ ಕೋಣೆಯ ಬಾಡಿಗೆ ಹೇಳುವ ಮೊದಲು ಅದನ್ನೇ ಹೇಳುತ್ತೇನೆ.