ಘೋಷಣೆ ಎಲ್ಲಿ ಕೂಗುವುದು: ಲೋಕಸಭೆಯ ಗ್ಯಾಲರಿಯಲ್ಲೋ, ಜಂತರ್ ಮಂತರ್‌ನಲ್ಲೋ?

ಅನುಮತಿ ಪಡೆದು, ದೆಹಲಿಯಲ್ಲಿ ಪ್ರತಿಭಟನೆ ನಡೆಯುವ ಜಂತರ್ ಮಂತರ್‌ಗೇ ಹೋಗಿ ಎನ್ನುತ್ತೇನೆ. ಅಲ್ಲಿ ಹಿಡಿಯುವವರು ಪೊಲೀಸರು. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಗ್ಯಾಲರಿಯ ಲೆಕ್ಕವೇ ಬೇರೆ. ಸಂದರ್ಶಕ ಅಶಿಸ್ತು ತೋರಿದರೆ ಸಾಕು, ಲೋಕಸಭೆಯ ಕಾರ್ಯವಿಧಾನ ನಿಯಮ 387ಎ ಪ್ರಕಾರ ಸ್ಪೀಕರ್ ಅಧಿಕಾರ ಕೊಟ್ಟ ಸಚಿವಾಲಯದ ಅಧಿಕಾರಿ ಆತನನ್ನು ಹೊರಹಾಕಬಹುದು, ವಶಕ್ಕೂ ಪಡೆಯಬಹುದು. ಆಮೇಲೆ ಶಿಕ್ಷೆ ವಿಧಿಸುವ ಅಧಿಕಾರ ಸದನಕ್ಕೇ ಇದೆ. 1964ರಲ್ಲಿ ಉತ್ತರ ಪ್ರದೇಶ ವಿಧಾನಸಭೆ ಸದನ ನಿಂದನೆಗಾಗಿ ಕೇಶವ್ ಸಿಂಗ್ ಎಂಬ ನಾಗರಿಕರನ್ನು ಏಳು ದಿನ ಜೈಲಿಗೆ ಕಳಿಸಿತ್ತು. ಇಂಥ ಬಂಧನವನ್ನೂ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ಪ್ರಕರಣದಲ್ಲೇ. ನಾಗರಿಕನಿಗೆ ಅದು ದೊಡ್ಡ ಆಸರೆ.

ಸದನ, ಪೊಲೀಸರು ಎರಡೂ ಒಟ್ಟಿಗೆ ಮೈಮೇಲೆ ಬರುವುದೂ ಉಂಟು. 2023ರ ಡಿಸೆಂಬರ್ 13ರಂದು ಗ್ಯಾಲರಿಯಿಂದ ಜಿಗಿದು ಹಳದಿ ಹೊಗೆ ಬಿಟ್ಟವರನ್ನು ಸಂಸದರೇ ಹಿಡಿದರು. ದೆಹಲಿ ಪೊಲೀಸರು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಹಾಕಿದರು.