ಕೊನೆ ಗೊತ್ತಿದ್ದರೂ ಮತ್ತೆ ನೋಡಬೇಕು ಅನ್ನಿಸುವಂಥವು

ಟಿವಿಯ ಕ್ರೈಮ್ ಸೀರಿಯಲ್‌ಗಳು, ಲವ್ ಸ್ಟೋರಿ ಸಿನಿಮಾಗಳು. ಈ ಎರಡನ್ನೂ ನಾನು 15 ವರ್ಷಗಳಿಂದ ಬಿಡದೆ ನೋಡುತ್ತಿದ್ದೇನೆ. ಕ್ರೈಮ್ ನನ್ನ ಆಯ್ಕೆ, ಲವ್ ಸ್ಟೋರಿ ಅಕ್ಕನದು. ಮನೆಯಲ್ಲಿ ಇರುವುದು ಒಂದೇ ಟಿವಿ. ಒಂದು ರಾತ್ರಿ ಅವಳದು, ಒಂದು ರಾತ್ರಿ ನನ್ನದು ಅಂತ ಮಾತಾಗಿತ್ತು. ಸುಮ್ನೆ ಜೊತೆಗೆ ಕೂತು ಕೂತು ಇಬ್ಬರಿಗೂ ಎರಡೂ ಅಂಟಿಕೊಂಡವು. ಇಷ್ಟು ವರ್ಷ ನೋಡಿದ ಮೇಲೆ ಯಾವುದು ಮನಸ್ಸಿನಲ್ಲಿ ಉಳಿಯಿತು, ಯಾವುದು ಮಾರನೇ ದಿನವೇ ಮರೆತುಹೋಯಿತು ಅಂತ ಬರೆಯಬೇಕು ಅನ್ನಿಸಿತು.

ನನ್ನ ಅಳತೆಗೋಲು ಒಂದೇ. ಕೊನೆ ಗೊತ್ತಿದ್ದರೂ ನೋಡಬೇಕು ಅನ್ನಿಸುತ್ತದಾ? ಇದು ಹೊಳೆದದ್ದು ಒಂದು ಕಿರಿಕಿರಿಯಿಂದ. ಒಂದು ಆ್ಯಪ್‌ನಲ್ಲಿ ಎಂಟು ಎಪಿಸೋಡಿನ ಸೀರಿಯಲ್ ನೋಡುತ್ತಿದ್ದೆ. ನಾಲ್ಕನೆಯದು ಮುಗಿದ ಕೂಡಲೇ ಪೂರ್ತಿ ಪಟ್ಟಿ ತೆರೆದುಕೊಂಡಿತು. ಕೊನೇ ಎಪಿಸೋಡಿನ ಪುಟ್ಟ ಚಿತ್ರದಲ್ಲಿ ಕೈಗೆ ಕೋಳ ಹಾಕಿಸಿಕೊಂಡು ನಿಂತವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಒಮ್ಮೆಯೂ ಅನುಮಾನಪಡದ ಮನುಷ್ಯ. ಸಿಟ್ಟು ಬಂತು, ಎರಡು ದಿನ ಅದನ್ನು ಮುಟ್ಟಲಿಲ್ಲ. ಅಕ್ಕನೇ ಬಲವಂತ ಮಾಡಿ ಹಾಕಿದಳು. ನೋಡಿದರೆ, ಉಳಿದ ನಾಲ್ಕು ಎಪಿಸೋಡುಗಳೇ ನನ್ನನ್ನು ಜಾಸ್ತಿ ಹಿಡಿದವು. ಅವನು ಸತ್ತವಳ ಅಮ್ಮನಿಗೆ ಒಂದು ಲೋಟ ನೀರು ತಂದುಕೊಡುತ್ತಾನೆ. ಏನೂ ಗೊತ್ತಿಲ್ಲದಿದ್ದರೆ ಅದು ಹಾಗೇ ದಾಟಿಹೋಗುತ್ತಿತ್ತು. ಗೊತ್ತಿದ್ದುದರಿಂದ ಲೋಟ ಹಿಡಿದ ಆ ಕೈಯನ್ನೇ ನೋಡುತ್ತಾ ಕೂತೆ.

ಆಮೇಲೆ ಹುಡುಕಿಕೊಂಡು ಹೋಗಿ ನೋಡಿದ್ದು ಅಮೆರಿಕದ ಪತ್ತೇದಾರಿ ಸರಣಿ 'ಕೊಲಂಬೊ'. ಅದರ ಮೊದಲ ಟಿವಿ ಸಿನಿಮಾ ಬಂದದ್ದು 1968ರಲ್ಲಿ, ಸರಣಿಯಾಗಿ ಶುರುವಾದದ್ದು 1971ರಲ್ಲಿ. ಬಹುತೇಕ ಎಪಿಸೋಡುಗಳಲ್ಲಿ ಕೊಲೆ ಮಾಡಿದ್ದು ಯಾರು, ಹೇಗೆ ಅನ್ನುವುದನ್ನು ಮೊದಲೇ ತೋರಿಸಿಬಿಡುತ್ತಾರೆ. ಸುಕ್ಕಾದ ರೇನ್‌ಕೋಟ್ ಹಾಕಿಕೊಂಡು ಪತ್ತೇದಾರ ಬರುವುದೇ ಆಮೇಲೆ. ಆ ಕೋಟು ನಟ ಪೀಟರ್ ಫಾಕ್ ಅವರದೇ ಅಂತೆ. ಕೇಳುವುದೆಲ್ಲ ಮುಗಿಯಿತು ಅನ್ನುವ ಹಾಗೆ ಬಾಗಿಲ ತನಕ ಹೋಗುತ್ತಾನೆ, ಕೊಲೆಗಾರ ನಿಟ್ಟುಸಿರು ಬಿಡುತ್ತಾನೆ. ಅಷ್ಟರಲ್ಲಿ ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಆ ಒಂದು ಕ್ಷಣಕ್ಕೆ ಕೊಲೆಗಾರನ ಮುಖ ಹೇಗೆ ಬಿಗಿಯುತ್ತದೆ ನೋಡಿ! ಯಾರು ಅನ್ನುವ ಗುಟ್ಟು ಇಲ್ಲದಿದ್ದರೂ ಕುರ್ಚಿಯ ತುದಿಯಲ್ಲಿ ಕೂರಿಸುತ್ತದೆ. ಈ ಕ್ರಮವನ್ನು ಆರ್. ಆಸ್ಟಿನ್ ಫ್ರೀಮನ್ ಎಂಬ ಬರಹಗಾರ 1912ರಲ್ಲೇ ತಮ್ಮ ಕಥೆಗಳಲ್ಲಿ ಮಾಡಿ ತೋರಿಸಿದ್ದರು. ನೂರು ವರ್ಷ ದಾಟಿದರೂ ಹಳತಾಗಿಲ್ಲ.

ಕ್ರೈಮ್‌ನಲ್ಲಿ ನಾನು ಗಮನಿಸುವ ಇನ್ನೊಂದು ವಿಷಯ, ಸತ್ತವರ ಮನೆಯವರಿಗೆ ಎಷ್ಟು ಹೊತ್ತು ಕೊಡುತ್ತಾರೆ ಅನ್ನುವುದು. ಜಾಸ್ತಿ ಸೀರಿಯಲ್‌ಗಳಲ್ಲಿ ಅಮ್ಮ ಒಮ್ಮೆ ಕಿರುಚಿ ಅಳುತ್ತಾಳೆ, ಆಮೇಲೆ ಅವಳ ಸುಳಿವೇ ಇರುವುದಿಲ್ಲ. ಸತ್ತ ಹುಡುಗಿಗೆ ಒಂದು ಫೋಟೊ, ಒಂದು ಹೆಸರು, ಅಷ್ಟೇ. ಇದು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಡೆನ್ಮಾರ್ಕಿನ 'ದಿ ಕಿಲ್ಲಿಂಗ್' (2007) ಮೊದಲ ಸೀಸನ್ ಹಾಗಲ್ಲ. 20 ಎಪಿಸೋಡು, ಒಂದೊಂದಕ್ಕೆ ತನಿಖೆಯ ಒಂದೊಂದು ದಿನ. ಪೊಲೀಸರಷ್ಟೇ ಮುಖ್ಯವಾಗಿ ಅಪ್ಪ ಅಮ್ಮನ ಮನೆಯೂ ಕಥೆಯ ಉದ್ದಕ್ಕೂ ಇರುತ್ತದೆ. ಬ್ರಿಟನ್ನಿನ 'ಬ್ರಾಡ್‌ಚರ್ಚ್' (2013) ಕೂಡ ಹಾಗೇ. ಮೊದಲ ಎಪಿಸೋಡಿನಲ್ಲಿ, ಕೊಲೆಯಾದ ಹುಡುಗನ ಅಪ್ಪ ಬೆಳಿಗ್ಗೆ ಬೀದಿಯಲ್ಲಿ ನಡೆದು ಹೋಗುತ್ತಾ ಸಿಕ್ಕಿದವರನ್ನೆಲ್ಲ ಮಾತಾಡಿಸುತ್ತಾನೆ. ಕ್ಯಾಮೆರಾ ಕತ್ತರಿಸದೆ ಅವನ ಜೊತೆಗೇ ಸಾಗುತ್ತದೆ. ಮೊದಲ ಸಲ ಅದು ಊರಿನ ಪರಿಚಯ ಅಷ್ಟೇ. ಎರಡನೇ ಸಲ ನೋಡುವಾಗ, ಇವನಿಗೆ ಇನ್ನೂ ಗೊತ್ತಿಲ್ಲವಲ್ಲ ಅಂತ ಕರುಳು ಚುರ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಅಮ್ಮ ನಿಂತ ವಾಹನಗಳ ನಡುವೆ ಓಡಿ ಕಡಲ ತೀರಕ್ಕೆ ಬರುತ್ತಾಳೆ. ಹೊದಿಕೆಯ ಕೆಳಗೆ ಕಾಣುವ ಶೂ ನೋಡಿಯೇ ಅವಳಿಗೆ ಎಲ್ಲ ಗೊತ್ತಾಗುತ್ತದೆ.

ಇನ್ನು ಬೇಸರದ ಸಂಗತಿಗಳು. ಡಿಎನ್ಎ ವರದಿ ಹತ್ತು ನಿಮಿಷಕ್ಕೆ ಕೈಗೆ ಬರುತ್ತದೆ. ಮಸುಕಾದ ಸಿಸಿಟಿವಿ ಚಿತ್ರವನ್ನು ದೊಡ್ಡದು ಮಾಡಿದ ಕೂಡಲೇ ಗಾಡಿಯ ನಂಬರ್ ಪ್ಲೇಟ್ ಓದಲು ಬರುತ್ತದೆ. ಕ್ಯಾಮೆರಾ ಹಿಡಿಯದೇ ಇದ್ದ ಅಕ್ಷರ ದೊಡ್ಡದು ಮಾಡಿದರೆ ಎಲ್ಲಿಂದ ಬರಬೇಕು? 2000ದಲ್ಲಿ ಶುರುವಾದ, ಲ್ಯಾಬಿನ ಪರೀಕ್ಷೆಗಳಿಂದಲೇ ಕೇಸು ಬಿಡಿಸುವ 'ಸಿಎಸ್ಐ' ಸೀರಿಯಲ್ ಜನಪ್ರಿಯವಾದ ಮೇಲೆ ಅಮೆರಿಕದ ವಕೀಲರು 'ಸಿಎಸ್ಐ ಪರಿಣಾಮ' ಅನ್ನುವ ಮಾತನ್ನೇ ಬಳಸತೊಡಗಿದರು. ಟಿವಿ ನೋಡಿದ ಜ್ಯೂರಿಗಳು, ಅಂದರೆ ಅಲ್ಲಿನ ಕೋರ್ಟಿನಲ್ಲಿ ತೀರ್ಪು ಹೇಳಲು ಕೂರುವ ಸಾಮಾನ್ಯ ಜನ, ಪ್ರತಿ ಕೇಸಿನಲ್ಲೂ ಲ್ಯಾಬಿನ ಪವಾಡ ಬಯಸುತ್ತಾರೆ ಅನ್ನುವುದು ಅವರ ಆತಂಕ. ನನ್ನ ಆಕ್ಷೇಪ ಬೇರೆ. ಇಷ್ಟು ಬೇಗ ಉತ್ತರ ಸಿಕ್ಕರೆ ಮನುಷ್ಯರು ಒಬ್ಬರನ್ನೊಬ್ಬರು ಕೇಳುವುದು, ಕಾಯುವುದು, ತಪ್ಪು ತಿಳಿಯುವುದು ಯಾವುದೂ ಉಳಿಯುವುದಿಲ್ಲ. 'ಬ್ರಾಡ್‌ಚರ್ಚ್' ಮೂರನೇ ಸೀಸನ್ (2017) ಅತ್ಯಾಚಾರದ ಕೇಸಿನಿಂದ ಶುರುವಾಗುತ್ತದೆ. ಅಲ್ಲಿ ಸಾಕ್ಷ್ಯ ತೆಗೆದುಕೊಳ್ಳುವುದನ್ನು ಅವಸರವಿಲ್ಲದೆ, ಆ ಹೆಂಗಸಿನ ಮುಖ ನೋಡುತ್ತಾ ತೋರಿಸಿದ್ದಾರೆ. ನೋಡುವುದು ಕಷ್ಟ. ಆದರೆ ಅದು ಹಾಗೇ ಇರಬೇಕು.

ಲವ್ ಸ್ಟೋರಿಗಳ ಮೇಲೆ ಮೊದಲು ನನಗಿದ್ದ ದೂರು ಎಲ್ಲರಿಗೂ ಇರುವಂಥದ್ದೇ. ಕೊನೆಗೆ ಸೇರುತ್ತಾರೆ ಅಂತ ಗೊತ್ತೇ ಇದೆ, ಮತ್ಯಾಕೆ ನೋಡಬೇಕು? ಅದಕ್ಕೆ ಅಕ್ಕ ಉತ್ತರ ಕೊಡಲಿಲ್ಲ, 'ಬ್ರೀಫ್ ಎನ್‌ಕೌಂಟರ್' ಹಾಕಿದಳು. ಡೇವಿಡ್ ಲೀನ್ ನಿರ್ದೇಶನದ, 1945ರ ಕಪ್ಪು ಬಿಳುಪು ಸಿನಿಮಾ. ಶುರುವಾಗುವುದೇ ಕೊನೆಯಿಂದ. ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ ಒಂದು ಗಂಡು, ಒಂದು ಹೆಣ್ಣು ಕೂತಿದ್ದಾರೆ. ಪರಿಚಯದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತು ಮಾತಿಗೆ ಶುರುಹಚ್ಚುತ್ತಾಳೆ. ರೈಲಿನ ಹೊತ್ತಾಗುತ್ತದೆ. ಅವನು ಎದ್ದು, ಅವಳ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋಗುತ್ತಾನೆ. ನಮಗೆ ಏನೂ ಅನ್ನಿಸುವುದಿಲ್ಲ. ಸಿನಿಮಾದ ಕೊನೆಯಲ್ಲಿ ಅದೇ ಮೇಜು, ಅದೇ ಹೆಂಗಸು, ಅದೇ ಮಾತು ಮತ್ತೆ ಬರುತ್ತವೆ. ಅಷ್ಟರಲ್ಲಿ ನಮಗೆ ಅವರಿಬ್ಬರ ಕಥೆ ಪೂರ್ತಿ ಗೊತ್ತು. ಇನ್ನು ಮುಂದೆ ಒಬ್ಬರನ್ನೊಬ್ಬರು ನೋಡುವುದಿಲ್ಲ ಅನ್ನುವುದೂ ಗೊತ್ತು. ಆ ಕೈ ಹೆಗಲ ಮೇಲೆ ಬಿದ್ದಾಗ ನನಗೆ ಗಂಟಲು ಕಟ್ಟಿತು. ನಡುವೆ ಬಂದು ಮಾತಾಡುತ್ತಿರುವ ಆ ಹೆಂಗಸು ಒಂದು ನಿಮಿಷ ಸುಮ್ಮನಿರಬಾರದಾ ಅನ್ನಿಸಿತು. ಕೊಲಂಬೊ ಕೊಲೆಯಲ್ಲಿ ಮಾಡಿದ್ದನ್ನೇ ಇದು ಪ್ರೀತಿಯಲ್ಲಿ ಮಾಡಿದೆ, ಅಲ್ವಾ?

'ಬಿಫೋರ್ ಸನ್‌ರೈಸ್' (1995) ಬಗ್ಗೆ ಒಂದು ಮಾತು ಹೇಳಲೇಬೇಕು. ವಿಯೆನ್ನಾದ ರೆಕಾರ್ಡ್ ಅಂಗಡಿಯೊಂದರ ಇಕ್ಕಟ್ಟಾದ ಕೋಣೆಯಲ್ಲಿ, ಅದೇ ದಿನ ರೈಲಿನಲ್ಲಿ ಪರಿಚಯವಾದ ಹುಡುಗ ಹುಡುಗಿ ನಿಂತು ಹಾಡು ಕೇಳುತ್ತಾರೆ. ಅವನು ನೋಡಿದಾಗ ಅವಳು ಬೇರೆ ಕಡೆ ನೋಡುತ್ತಾಳೆ. ಅವಳು ನೋಡಿದಾಗ ಅವನು. ಒಂದು ಮಾತೂ ಇಲ್ಲ. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಅದೇ ನಟರನ್ನು ಇಟ್ಟುಕೊಂಡು 2004ರಲ್ಲಿ, 2013ರಲ್ಲಿ ಮುಂದಿನ ಭಾಗಗಳನ್ನು ಮಾಡಿದರು. ಒಂಬತ್ತೊಂಬತ್ತು ವರ್ಷದ ಅಂತರ. ನಟರಿಗೆ ನಿಜವಾಗಿ ವಯಸ್ಸಾಗಿದೆ. ಮೂರನ್ನೂ ನೋಡಿ ಮತ್ತೆ ಮೊದಲನೆಯದಕ್ಕೆ ಬಂದರೆ ಆ ಕೋಣೆಯ ದೃಶ್ಯವೇ ಬೇರೆ ಥರ ಕಾಣುತ್ತದೆ.

ನನ್ನ ಕೈಲಿ ಆಗದ ಲವ್ ಸ್ಟೋರಿಗಳೂ ಇವೆ. ಒಂದು ಫೋನ್ ಮಾಡಿದ್ದರೆ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಒಂದು ಗಂಟೆ ಎಳೆಯುವಂಥವು. ಬೇಡ ಅಂದವಳ ಹಿಂದೆ ಬಿದ್ದು ಕಾಡುವುದನ್ನೇ ಪ್ರೀತಿ ಅನ್ನುವಂಥವು. ಈ ಎರಡನೆಯದು ಬರೀ ಬೇಸರದ ವಿಷಯವಲ್ಲ, ತಪ್ಪು. ಅದೇ ಹುಡುಗ ಕ್ರೈಮ್ ಸೀರಿಯಲ್‌ನಲ್ಲಿ ಇದ್ದಿದ್ದರೆ ಎರಡನೇ ಎಪಿಸೋಡಿಗೆ ಪೊಲೀಸರು ಅವನ ಮನೆ ಬಾಗಿಲು ಬಡಿಯುತ್ತಿದ್ದರು.

ಹೊಸದಾಗಿ ನೋಡುವವರು ಕ್ರೈಮ್‌ನಲ್ಲಿ 'ಬ್ರಾಡ್‌ಚರ್ಚ್' ಮೊದಲ ಸೀಸನ್‌ನಿಂದ ಶುರುಮಾಡಿ. ಎಂಟೇ ಎಪಿಸೋಡು. ಪಟ್ಟಿಯ ಚಿತ್ರಗಳನ್ನು ನೋಡಲು ಹೋಗಬೇಡಿ. ಎರಡನೇ ಸೀಸನ್ ನನಗೆ ಹಿಡಿಸಲಿಲ್ಲ, ಕೋರ್ಟಿನಲ್ಲಿ ಎಳೆದಾಡಿದ ಹಾಗಿದೆ. ಆದರೆ ಮೂರನೆಯದಕ್ಕಾಗಿ ದಾಟಿಕೊಂಡು ಹೋಗಿ. ಲವ್ ಸ್ಟೋರಿಗೆ 'ಬ್ರೀಫ್ ಎನ್‌ಕೌಂಟರ್' ಸಾಕು, ಒಂದೂವರೆ ಗಂಟೆಯೂ ಇಲ್ಲ. ಮುಗಿದ ಕೂಡಲೇ ಟಿವಿ ಆರಿಸಬೇಡಿ. ಮೊದಲ ಹತ್ತು ನಿಮಿಷ ಮತ್ತೆ ಹಾಕಿ, ಕ್ಯಾಂಟೀನಿನ ಆ ಮೇಜನ್ನು ನೋಡಿ.